ನಾಯಿಗೆ ಉಣ್ಣೆ ಜ್ವರ: ಮೊದಲ ಲಕ್ಷಣದಿಂದ ಕೊನೆಯ ರಕ್ತಪರೀಕ್ಷೆಯವರೆಗೆ

ಹತ್ತನೇ ದಿನಕ್ಕೆ ಮಾತ್ರೆ ನಿಲ್ಲಿಸಿಬಿಟ್ಟೆವು. ನಾವು ಮಾಡಿದ ತಪ್ಪು ಅದೇ.

ನಮ್ಮ ನಾಯಿ ಕರಿಯ ಊಟ ಬಿಟ್ಟು ಎರಡು ದಿನವಾಗಿತ್ತು. ಏಪ್ರಿಲ್ ತಿಂಗಳ ಬಿಸಿಲು, ಸೆಕೆಗೆ ಹೀಗಾಗಿದೆ ಅಂದುಕೊಂಡಿದ್ದೆವು. ಮೂರನೇ ದಿನ ಬೆಳಿಗ್ಗೆ ಅವನು ಮಲಗುವ ಗೋಣಿಚೀಲದ ಮೇಲೆ ರಕ್ತದ ಹನಿಗಳಿದ್ದವು. ಮೂಗಿನಿಂದ ಬಿದ್ದ ರಕ್ತ. ಡಾಕ್ಟರ್ ರಕ್ತಪರೀಕ್ಷೆ ಮಾಡಿಸಿ ಟಿಕ್ ಫೀವರ್, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ ಬರುವ ಜ್ವರ ಅಂದರು, 28 ದಿನದ ಮಾತ್ರೆ ಬರೆದರು. ಎರಡೇ ದಿನಕ್ಕೆ ಅವನು ಗೇಟಿನ ಹತ್ತಿರ ಓಡಿ ಬೊಗಳತೊಡಗಿದ. ಹುಷಾರಾದನಲ್ಲ, ಇನ್ನು ಸುಮ್ನೆ ಮಾತ್ರೆ ಯಾಕೆ ಅಂತ ಬಿಟ್ಟೆವು. ಮೂರು ತಿಂಗಳಿಗೆ ಜ್ವರ ತಿರುಗಿ ಬಂತು. ಆ ಸಲ ಅವನು ಉಳಿಯಲಿಲ್ಲ.

ಆಮೇಲೆ ಬಂದ ಗೌರಿಗೂ ಉಣ್ಣೆ ಜ್ವರ ಬಂತು. ಅವಳು ಬದುಕಿದಳು. ಈ ಎರಡು ಸಲದ ನಡುವೆ ನಾನು ಓದಿ, ಡಾಕ್ಟರ್‌ಗಳನ್ನು ಕೇಳಿ ತಿಳಿದದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಔಷಧಿಯ ಪ್ರಮಾಣವನ್ನೂ ಕೊಟ್ಟಿದ್ದೇನೆ. ನೀವೇ ಅಂಗಡಿಯಿಂದ ತಂದು ಹಾಕಲಿ ಅಂತಲ್ಲ. ಡಾಕ್ಟರ್ ಬರೆದ ಚೀಟಿಯಲ್ಲಿ ಏನಿದೆ, ಯಾಕಿದೆ ಅನ್ನುವುದು ನಿಮಗೆ ಅರ್ಥವಾಗಲಿ ಅಂತ.

ಇದು ಒಂದೇ ರೋಗ ಅಲ್ಲ

ನಮ್ಮ ನಾಯಿಗಳ ಮೈಮೇಲೆ ಹೆಚ್ಚಾಗಿ ಕಾಣುವುದು ಕಂದು ಬಣ್ಣದ ಉಣ್ಣೆ. ಮಲೆನಾಡಿನ ಕಡೆ ಉಣುಗು ಅನ್ನುತ್ತಾರೆ. ಈ ಜಾತಿಗೆ ಕಾಡೇ ಬೇಕೆಂದಿಲ್ಲ. ಗೋಡೆಯ ಬಿರುಕು, ಬಾಗಿಲಿನ ಚೌಕಟ್ಟಿನ ಸಂದು, ನಾಯಿಮನೆಯ ತಗಡಿನ ಮಡಿಕೆ ಸಿಕ್ಕರೆ ಸಾಕು. ಉಣ್ಣೆಗಳು ಹರಡುವ ರೋಗಾಣು ಒಂದಲ್ಲ, ಹಲವು. ಎಲ್ಲವನ್ನೂ ನಾವು ಟಿಕ್ ಫೀವರ್ ಅಂತ ಒಂದೇ ಹೆಸರಿನಿಂದ ಕರೆಯುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿ, ಯಾಕಂದರೆ ಒಂದಕ್ಕೆ ಕೊಡುವ ಔಷಧಿ ಇನ್ನೊಂದಕ್ಕೆ ನಾಟುವುದಿಲ್ಲ.

ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ. ಬಿಳಿ ರಕ್ತಕಣದೊಳಗೆ ಕೂರುತ್ತದೆ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಇಳಿಸುತ್ತದೆ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ನೂರಾರು ನಾಯಿಗಳು ಸತ್ತದ್ದು ಇದರಿಂದಲೇ. ಬಬೀಸಿಯಾ ಬ್ಯಾಕ್ಟೀರಿಯಾ ಅಲ್ಲ, ಏಕಕೋಶದ ಪರಾವಲಂಬಿ. ಮಲೇರಿಯಾದ ಹಾಗೆ ಕೆಂಪು ರಕ್ತಕಣದೊಳಗೆ ಹೊಕ್ಕು ಅದನ್ನು ಒಡೆಯುತ್ತದೆ. ಇದರಲ್ಲಿ ದೊಡ್ಡದು, ಸಣ್ಣದು ಅಂತ ಎರಡು ಬಗೆ. ದೊಡ್ಡದು ಬಬೀಸಿಯಾ ವೊಗೆಲಿ, ಸಣ್ಣದು ಬಬೀಸಿಯಾ ಗಿಬ್ಸೋನಿ. ಗಿಬ್ಸೋನಿಯನ್ನು ಪ್ಯಾಟನ್ ಎಂಬ ವಿಜ್ಞಾನಿ ಮೊದಲು ವಿವರಿಸಿದ್ದು 1910ರಲ್ಲಿ, ನಮ್ಮ ಪಕ್ಕದ ಮದ್ರಾಸಿನ ಬೇಟೆನಾಯಿಗಳ ರಕ್ತದಲ್ಲಿ. ದಕ್ಷಿಣ ಭಾರತಕ್ಕೆ ಅದು ಅಷ್ಟು ಹಳೆಯ ಕಾಟ, ಈಗಲೂ ವಾಸಿಮಾಡಲು ಅತಿ ಕಷ್ಟದ್ದು. ಮೂರನೆಯದು ಹೆಪಟೊಜೂನ್. ಇದು ಉಣ್ಣೆ ಕಚ್ಚುವುದರಿಂದ ಬರುವುದಿಲ್ಲ. ನಾಯಿ ಮೈ ಕಚ್ಚಿಕೊಳ್ಳುವಾಗ ಉಣ್ಣೆಯನ್ನೇ ನುಂಗಿದರೆ ಬರುತ್ತದೆ. ಅನಾಪ್ಲಾಸ್ಮಾ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಪ್ಲೇಟ್‌ಲೆಟ್ ಒಳಗೇ ಸೇರಿಕೊಳ್ಳುತ್ತದೆ. ಒಂದೇ ನಾಯಿಗೆ ಎರಡು ಮೂರು ಒಟ್ಟಿಗೆ ಬರುವುದೂ ಉಂಟು.

ಹೆಜ್ಜೆ 1: ಮನೆಯಲ್ಲಿ ಐದು ನಿಮಿಷದ ತಪಾಸಣೆ

ನಾಯಿ ಒಂದು ಹೊತ್ತು ಊಟ ಬಿಟ್ಟರೆ ಗಾಬರಿ ಬೇಡ. ಎರಡನೇ ಹೊತ್ತೂ ಬಿಟ್ಟರೆ ಕೂತು ನೋಡಿ.

ಮೊದಲು ತುಟಿ ಎತ್ತಿ ಒಸಡು ನೋಡಿ. ಆರೋಗ್ಯದ ಒಸಡು ತಿಳಿ ಗುಲಾಬಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. ಒಸಡು ಸುಣ್ಣದ ಹಾಗೆ ಬಿಳಿಯಿದ್ದರೆ ರಕ್ತ ಕಡಿಮೆಯಾಗಿದೆ. ಹಳದಿಯಿದ್ದರೆ ಕಾಮಾಲೆ. ಕರಿ ಒಸಡಿನ ನಾಯಿಗಳಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ಒಳಭಾಗ ನೋಡಬೇಕು. ಆಮೇಲೆ ನಾಯಿಯನ್ನು ಅಂಗಾತ ಮಲಗಿಸಿ ಹೊಟ್ಟೆ, ತೊಡೆಯ ಒಳಭಾಗ ನೋಡಿ. ಸಾಸಿವೆ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳಿದ್ದು, ಒತ್ತಿದರೂ ಮಾಯವಾಗದಿದ್ದರೆ ಅದು ಚರ್ಮದಡಿಯ ರಕ್ತಸ್ರಾವ. ಪ್ಲೇಟ್‌ಲೆಟ್ ಇಳಿದಿದೆ ಅಂತ ಅರ್ಥ.

ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ಜ್ವರ ನೋಡಿ, ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ನಾಯಿಯ ಮೈ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಉಣ್ಣೆ ಜ್ವರದಲ್ಲಿ 104, 105 ದಾಟಬಹುದು. ಮೂಗು ಒದ್ದೆಯಿದೆ, ಜ್ವರ ಇಲ್ಲ ಅನ್ನುವ ಲೆಕ್ಕವನ್ನು ನಂಬಬೇಡಿ.

ಮೂತ್ರವನ್ನು ತಪ್ಪದೆ ನೋಡಿ. ಮಣ್ಣಿನ ಮೇಲೆ ಗೊತ್ತಾಗುವುದಿಲ್ಲ, ಕೆಳಗೆ ಬಿಳಿ ಟಿಶ್ಯೂ ಹಿಡಿಯಿರಿ. ಕಡು ಟೀ ಬಣ್ಣ ಅಥವಾ ಕಾಫಿ ಡಿಕಾಕ್ಷನ್ ಬಣ್ಣ ಬಂದರೆ ಕೆಂಪು ಕಣಗಳು ಒಡೆಯುತ್ತಿವೆ, ಬಬೀಸಿಯಾ ಇರಬಹುದು. ಮೂಗಿನಲ್ಲಿ ರಕ್ತ, ಕಣ್ಣು ಮಬ್ಬಾಗುವುದು, ಕಾಲು ಊತ, ಮೆಟ್ಟಿಲು ಹತ್ತಲು ಹಿಂಜರಿಯುವುದು, ದಿನದಿನಕ್ಕೆ ತೂಕ ಇಳಿಯುವುದು, ಇವೂ ಉಣ್ಣೆ ಜ್ವರದ ಮುಖಗಳೇ. ಜರ್ಮನ್ ಶೆಫರ್ಡ್ ನಾಯಿಗಳಿಗೆ ಎರ್ಲಿಕಿಯಾ ಜಾಸ್ತಿ ಜೋರಾಗಿ ಬರುತ್ತದೆ. ಆ ತಳಿ ಸಾಕಿದವರು ಇನ್ನಷ್ಟು ಬೇಗ ಎಚ್ಚೆತ್ತುಕೊಳ್ಳಬೇಕು.

ಬಿಳಿಚಿದ ಒಸಡು, ಡಿಕಾಕ್ಷನ್ ಬಣ್ಣದ ಮೂತ್ರ, ನಿಲ್ಲದ ಮೂಗಿನ ರಕ್ತ, ಎದ್ದು ನಿಲ್ಲಲಾಗದ ಸುಸ್ತು. ಇವುಗಳಲ್ಲಿ ಯಾವ ಒಂದಿದ್ದರೂ ಅವತ್ತೇ ಹೊರಡಿ, ನಾಳೆಗೆ ಬಿಡಬೇಡಿ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು. ಜ್ವರ ಇದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಪ್ಲೇಟ್‌ಲೆಟ್ ಇಳಿದಿರುವಾಗ ಆ ಹುಣ್ಣಿನಿಂದ ಸೋರುವ ರಕ್ತ ನಿಲ್ಲುವುದೇ ಇಲ್ಲ.

ಹೆಜ್ಜೆ 2: ಉಣ್ಣೆ ಕೀಳುವುದು

ಕಿವಿಯ ಒಳಗೆ, ಬೆರಳುಗಳ ಸಂದಿನಲ್ಲಿ, ಕತ್ತುಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಹುಡುಕಿ. ತೆಳು ತುದಿಯ ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಕೆಳಗೆ ಹಿಡಿದು, ನೇರವಾಗಿ, ನಿಧಾನವಾಗಿ ಮೇಲೆಳೆಯಿರಿ. ಸೀಮೆಎಣ್ಣೆ ಸವರುವುದು, ಊದುಬತ್ತಿ ತಾಗಿಸುವುದು ಬೇಡ. ಕಿತ್ತದ್ದನ್ನು ಸ್ಪಿರಿಟ್ ಅಥವಾ ಸೋಪಿನ ನೀರಿನ ಡಬ್ಬಿಗೆ ಹಾಕಿ. ಉಗುರಿನಿಂದ ಕುಕ್ಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಅದನ್ನು ಬಿಡಲೇಬೇಕು. ಈ ಉಣ್ಣೆ ಮನುಷ್ಯರಿಗೂ ಟೈಫಸ್ ಜಾತಿಯ ಜ್ವರ ದಾಟಿಸಬಲ್ಲದು.

ಕೈಗೆ ಒಂದು ಉಣ್ಣೆಯೂ ಸಿಗಲಿಲ್ಲ ಅಂದಮಾತ್ರಕ್ಕೆ ರೋಗ ಇಲ್ಲ ಅಂತಲ್ಲ. ಉಣ್ಣೆ ಕಚ್ಚಿ ಉದುರಿ ಒಂದೆರಡು ವಾರ ಕಳೆದ ಮೇಲೆ ಜ್ವರ ಬರುತ್ತದೆ. ಎರ್ಲಿಕಿಯಾ ಅಂತೂ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂತು ಆಮೇಲೆ ತಲೆ ಎತ್ತಬಹುದು. ಕರಿಯನಿಗೆ ಆದದ್ದು ಅದೇ ಇರಬೇಕು.

ಹೆಜ್ಜೆ 3: ಸರಿಯಾದ ಪರೀಕ್ಷೆ ಕೇಳಿ ಮಾಡಿಸಿ

ಸಿಬಿಸಿ, ಅಂದರೆ ರಕ್ತಕಣಗಳ ಎಣಿಕೆ, ಮೊದಲು. ನಾಯಿಗೆ ಪ್ಲೇಟ್‌ಲೆಟ್ ಸುಮಾರು 2ರಿಂದ 5 ಲಕ್ಷ ಇರಬೇಕು. ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 37ರಿಂದ 55. ರಿಪೋರ್ಟಿನಲ್ಲಿ ಈ ಎರಡು ಅಂಕಿಗಳನ್ನು ನೀವೇ ಹುಡುಕಿ ಬರೆದಿಟ್ಟುಕೊಳ್ಳಿ. ನಾಯಿ ಸುಧಾರಿಸುತ್ತಿದೆಯೋ ಇಲ್ಲವೋ ಎಂದು ಹೇಳುವುದು ಇವೇ. ಒಂದು ಎಚ್ಚರಿಕೆ: ಪ್ಲೇಟ್‌ಲೆಟ್‌ಗಳು ಗಂಟುಗಂಟಾಗಿ ಅಂಟಿಕೊಂಡಿದ್ದರೆ ಮೆಷಿನ್ ಅವನ್ನು ಲೆಕ್ಕ ತಪ್ಪಿಸುತ್ತದೆ. ಅಂಕಿ ತೀರಾ ಕಡಿಮೆ ಬಂದರೆ ಗಾಜಿನ ಸ್ಲೈಡ್ ಮೇಲೆ ಕಣ್ಣಾರೆ ನೋಡಲು ಹೇಳಿ.

ಆ ಸ್ಲೈಡಿಗೇ ಬ್ಲಡ್ ಸ್ಮಿಯರ್ ಅನ್ನುವುದು. ಕಿವಿಯ ಅಂಚಿನಿಂದ ತೆಗೆದ ಹನಿ ರಕ್ತದಲ್ಲಿ ಬಬೀಸಿಯಾ ಸಿಗುವ ಸಾಧ್ಯತೆ ಹೆಚ್ಚು. ಸಿಕ್ಕರೆ ರೋಗ ಖಚಿತ. ಸಿಗದಿದ್ದರೆ ಏನೂ ಖಚಿತವಿಲ್ಲ, ಯಾಕಂದರೆ ಎರ್ಲಿಕಿಯಾ ಸ್ಮಿಯರಿನಲ್ಲಿ ಅಪರೂಪಕ್ಕೆ ಕಾಣುತ್ತದೆ.

ಹತ್ತು ನಿಮಿಷದಲ್ಲಿ ಫಲಿತಾಂಶ ಕೊಡುವ 4ಡಿಎಕ್ಸ್ ಕಿಟ್ ಅನೇಕ ಕ್ಲಿನಿಕ್‌ಗಳಲ್ಲಿದೆ. ಅದರ ಮಿತಿ ಎರಡು. ಅದು ರೋಗಾಣುವನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು ನೋಡುತ್ತದೆ. ವಾಸಿಯಾಗಿ ವರ್ಷ ಕಳೆದ ನಾಯಿಗೂ ಪಾಸಿಟಿವ್ ಬರಬಹುದು. ಎರಡನೆಯದು, ಆ ಕಿಟ್‌ನಲ್ಲಿ ಬಬೀಸಿಯಾ ಇಲ್ಲವೇ ಇಲ್ಲ. ಕಿಟ್ ನೆಗೆಟಿವ್ ಬಂತೆಂದು ನಿರಾಳವಾಗಿ ಮನೆಗೆ ಹೋದವರ ನಾಯಿಯ ರಕ್ತದಲ್ಲಿ ಗಿಬ್ಸೋನಿ ತುಂಬಿರಬಹುದು.

ನಿಖರವಾಗಿ ಹೇಳುವುದು ಪಿಸಿಆರ್, ಅಂದರೆ ರಕ್ತದಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ. ಫಲಿತಾಂಶಕ್ಕೆ ಕೆಲವು ದಿನ ಬೇಕು, ಅಲ್ಲಿಯತನಕ ಚಿಕಿತ್ಸೆ ತಡೆಹಿಡಿಯುವುದು ತಪ್ಪು. ಆದರೆ ರಕ್ತವನ್ನು ಮೊದಲ ಮಾತ್ರೆಗೆ ಮುಂಚೆಯೇ ತೆಗೆಸಿಡಿ. ಔಷಧಿ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಕಡಿಮೆಯಾಗಿ ಸುಳ್ಳು ನೆಗೆಟಿವ್ ಬರಬಹುದು. ಗೌರಿಯ ಸಲ ನಾವು ಇದೊಂದನ್ನು ಸರಿಯಾಗಿ ಮಾಡಿದೆವು. ಅವಳಿಗಿದ್ದದ್ದು ಎರ್ಲಿಕಿಯಾ ಮತ್ತು ಗಿಬ್ಸೋನಿ ಎರಡೂ ಅಂತ ಗೊತ್ತಾದದ್ದು ಅದರಿಂದ.

ಹೆಜ್ಜೆ 4: ಯಾವುದಕ್ಕೆ ಯಾವ ಔಷಧಿ

ಎರ್ಲಿಕಿಯಾ ಮತ್ತು ಅನಾಪ್ಲಾಸ್ಮಾಗೆ ಡಾಕ್ಸಿಸೈಕ್ಲಿನ್. ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10 ಮಿಲಿಗ್ರಾಂ, ಒಂದೇ ಸಲ ಅಥವಾ ಎರಡು ಭಾಗ ಮಾಡಿ. 20 ಕೆಜಿ ನಾಯಿಗೆ ದಿನಕ್ಕೆ 200 ಮಿಲಿಗ್ರಾಂ. ಎರ್ಲಿಕಿಯಾಗೆ ಪೂರ್ತಿ 28 ದಿನ. ಒಂದರಿಂದ ಮೂರು ದಿನದಲ್ಲಿ ಜ್ವರ ಇಳಿದು ನಾಯಿ ಉಣ್ಣತೊಡಗುತ್ತದೆ, ಪ್ಲೇಟ್‌ಲೆಟ್ ಏರಲು ಎರಡು ವಾರದವರೆಗೂ ಬೇಕಾಗಬಹುದು. ಉಳಿದ ದಿನಗಳ ಮಾತ್ರೆ ಬಿಳಿ ಕಣಗಳಲ್ಲಿ, ಗುಲ್ಮದಲ್ಲಿ ಅಡಗಿರುವುದನ್ನು ಕೊಲ್ಲಲು.

ಕೊಡುವ ರೀತಿಯೂ ಮುಖ್ಯ. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಆಗಬಹುದು. ಮೊದಲು ಒಂದಿಷ್ಟು ಅನ್ನ, ಕೋಳಿ ತಿನ್ನಿಸಿ, ಆಮೇಲೆ ಮಾತ್ರೆ, ಅದರ ಹಿಂದೆ ಐದಾರು ಚಮಚ ನೀರು ಅಥವಾ ಇನ್ನೊಂದು ತುತ್ತು. ಮಾತ್ರೆ ಒಣದಾಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿ ಸುಟ್ಟ ಗಾಯವಾಗುತ್ತದೆ. ಮಾತ್ರೆಯನ್ನು ಮೊಸರನ್ನದಲ್ಲಿ ಮುಚ್ಚಿ ಕೊಡುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಅಲ್ವಾ? ಡಾಕ್ಸಿಸೈಕ್ಲಿನ್‌ಗೆ ಅದು ಬೇಡ. ಹಾಲು, ಮೊಸರು, ಕ್ಯಾಲ್ಸಿಯಂ ಸಿರಪ್, ಐರನ್ ಟಾನಿಕ್, ಹೊಟ್ಟೆಹುಣ್ಣಿಗೆ ಕೊಡುವ ಸುಕ್ರಾಲ್‌ಫೇಟ್, ಇವೆಲ್ಲ ಔಷಧಿಯನ್ನು ಹಿಡಿದಿಟ್ಟು ರಕ್ತಕ್ಕೆ ಸೇರದ ಹಾಗೆ ಮಾಡುತ್ತವೆ. ನಡುವೆ ಎರಡು ಮೂರು ಗಂಟೆ ಬಿಡಿ.

ದೊಡ್ಡ ಬಬೀಸಿಯಾಗೆ ಇಮಿಡೊಕಾರ್ಬ್ ಇಂಜೆಕ್ಷನ್, ಕೆಜಿಗೆ 6.6 ಮಿಲಿಗ್ರಾಂ, 14 ದಿನ ಬಿಟ್ಟು ಇನ್ನೊಂದು ಸಲ. ಮಾಂಸಖಂಡಕ್ಕೆ ಅಥವಾ ಚರ್ಮದಡಿಗೆ ಮಾತ್ರ, ರಕ್ತನಾಳಕ್ಕೆ ಎಂದೂ ಅಲ್ಲ. ಚುಚ್ಚಿದ ಮೇಲೆ ಜೊಲ್ಲು, ವಾಂತಿ, ಭೇದಿ ಬರುವುದುಂಟು. ಅದಕ್ಕೇ ಅರ್ಧ ಗಂಟೆ ಮೊದಲು ಆಟ್ರೋಪಿನ್ ಕೊಡುತ್ತಾರೆ. ಚುಚ್ಚಿದ ಕೂಡಲೇ ಮನೆಗೆ ಓಡಬೇಡಿ, ಕ್ಲಿನಿಕ್‌ನಲ್ಲೇ ಸ್ವಲ್ಪ ಹೊತ್ತು ಕೂತಿರಿ. ಹೆಪಟೊಜೂನ್‌ಗೂ ಇದೇ ಔಷಧಿ, ಆದರೆ ರಕ್ತದಲ್ಲಿ ರೋಗಾಣು ಕಾಣದಾಗುವವರೆಗೂ ಹದಿನೈದು ದಿನಕ್ಕೊಮ್ಮೆ ಕೊಡುತ್ತಾ ಹೋಗಬೇಕು.

ಸಣ್ಣ ಬಬೀಸಿಯಾ, ಗಿಬ್ಸೋನಿ, ನಿಜವಾದ ಸವಾಲು. ಇಮಿಡೊಕಾರ್ಬ್ ಇದನ್ನು ತೊಲಗಿಸುವುದಿಲ್ಲ. ಡೈಮಿನಾಜಿನ್ ಎಂಬ ಇಂಜೆಕ್ಷನ್ ದನಗಳಿಗೆ ಬಳಸುವಂಥದ್ದು. ಕೆಜಿಗೆ 3.5 ಮಿಲಿಗ್ರಾಂ ಲೆಕ್ಕದಲ್ಲಿ ನಾಯಿಗೂ ಕೊಡುತ್ತಾರೆ, ಅದರಿಂದ ರೋಗ ತಗ್ಗುತ್ತದೆ, ಪೂರ್ತಿ ಹೋಗುವುದು ಕಡಿಮೆ. ಪ್ರಮಾಣ ಸ್ವಲ್ಪ ಮೀರಿದರೂ ಮೆದುಳಿಗೆ ಪೆಟ್ಟು ಬಿದ್ದು ನಾಯಿ ತೂರಾಡಬಹುದು. ಆದ್ದರಿಂದ ಇದನ್ನು ಕೊಡುವಾಗ ತೂಕವನ್ನು ಅಂದಾಜಿನಲ್ಲಿ ಹೇಳಬೇಡಿ, ತಕ್ಕಡಿಯಲ್ಲಿ ನಿಲ್ಲಿಸಿಯೇ ನೋಡಿ.

ಗಿಬ್ಸೋನಿಗೆ ಚೆನ್ನಾಗಿ ನಾಟುವ ಜೋಡಿ ಅಟೊವಾಕ್ವೋನ್ ಮತ್ತು ಅಜಿತ್ರೋಮೈಸಿನ್. ಅಟೊವಾಕ್ವೋನ್ ಕೆಜಿಗೆ 13.3 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ. ಅಜಿತ್ರೋಮೈಸಿನ್ ಕೆಜಿಗೆ 10 ಮಿಲಿಗ್ರಾಂ, ದಿನಕ್ಕೊಮ್ಮೆ. ಎರಡೂ 10 ದಿನ. ಅಟೊವಾಕ್ವೋನ್ ಕೊಬ್ಬಿನ ಜೊತೆಗೇ ಮೈಗೆ ಹಿಡಿಯುವುದು. ತುಪ್ಪ ಹಾಕಿದ ಅನ್ನ ಅಥವಾ ಚರ್ಮ ಸಹಿತ ಬೇಯಿಸಿದ ಕೋಳಿ ಜೊತೆ ಕೊಡಿ. ದುಬಾರಿ, ಎಲ್ಲ ಊರಲ್ಲೂ ಸಿಗುವುದಿಲ್ಲ. ಅಟೊವಾಕ್ವೋನ್ ಜೊತೆ ಪ್ರೊಗ್ವಾನಿಲ್ ಬೆರೆಸಿದ ಮಲೇರಿಯಾ ಮಾತ್ರೆಯನ್ನೇ ಕೊಟ್ಟರೆ ಅನೇಕ ನಾಯಿಗಳು ವಾಂತಿ ಮಾಡಿಕೊಳ್ಳುತ್ತವೆ. ಅಟೊವಾಕ್ವೋನ್ ಸಿಗದ ಕಡೆ ಕ್ಲಿಂಡಾಮೈಸಿನ್, ಮೆಟ್ರೊನಿಡಜೋಲ್, ಡಾಕ್ಸಿಸೈಕ್ಲಿನ್ ಮೂರನ್ನೂ ಒಟ್ಟಿಗೆ ಹಲವು ವಾರ ಕೊಡುವ ದಾರಿಯಿದೆ. ಗೌರಿಗೆ ಕೊಟ್ಟದ್ದು ಅದೇ. ದಿನಕ್ಕೆ ಎರಡು ಹೊತ್ತು ಮೂರು ಮೂರು ಮಾತ್ರೆ, ಎರಡು ತಿಂಗಳಿಗೂ ಮೀರಿ. ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಒಂದೊಂದು ಹೊತ್ತಿಗೂ ಗೀಟು ಹಾಕುತ್ತಿದ್ದೆವು.

ಕೆಲವು ನಾಯಿಗಳಲ್ಲಿ ಮೈ ತನ್ನದೇ ರಕ್ತಕಣಗಳನ್ನು ಕೊಲ್ಲತೊಡಗುತ್ತದೆ. ಆಗ ಡಾಕ್ಟರ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಸೇರಿಸಬಹುದು. ಅದನ್ನು ನೀವಾಗಿ ಶುರು ಮಾಡಲೂಬೇಡಿ, ಒಮ್ಮೆಲೇ ನಿಲ್ಲಿಸಲೂಬೇಡಿ.

ಪರಂಗಿ ಎಲೆ ರಸದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅದು ಎರ್ಲಿಕಿಯಾವನ್ನೂ ಕೊಲ್ಲುವುದಿಲ್ಲ, ಬಬೀಸಿಯಾವನ್ನೂ ಕೊಲ್ಲುವುದಿಲ್ಲ. ಅದನ್ನೇ ನಂಬಿ ನಾಲ್ಕು ದಿನ ಕಾಯುವುದು ಅಪಾಯ.

ಹೆಜ್ಜೆ 5: ಆರೈಕೆ, ಮತ್ತು ರಕ್ತ ಬೇಕಾದಾಗ

ಜ್ವರದ ನಾಯಿಗೆ ಬಲವಂತವಾಗಿ ಬಾಯಿಗೆ ತುರುಕಬೇಡಿ. ಉಪ್ಪು, ಈರುಳ್ಳಿ, ಮಸಾಲೆ ಇಲ್ಲದ ಕೋಳಿ ಸಾರು, ಬೇಯಿಸಿದ ಮೊಟ್ಟೆ, ಮೆತ್ತನೆಯ ಅನ್ನ ಸ್ವಲ್ಪ ಸ್ವಲ್ಪ ಕೊಡಿ. ಬೆಚ್ಚಗೆ ಇದ್ದರೆ ವಾಸನೆಗೆ ತಿನ್ನುತ್ತದೆ. ಪ್ಲೇಟ್‌ಲೆಟ್ ಕಡಿಮೆಯಿರುವ ತನಕ ಓಟ, ಜಿಗಿತ, ಬೇರೆ ನಾಯಿಯ ಜೊತೆ ಕುಸ್ತಿ ಬೇಡ. ಗಟ್ಟಿ ಮೂಳೆ ಬೇಡ, ಒಸಡಿನಲ್ಲಿ ರಕ್ತ ಬರುತ್ತದೆ.

ಪಿಸಿವಿ 15ರ ಆಸುಪಾಸಿಗೆ ಇಳಿದು ನಾಯಿ ಏದುಸಿರು ಬಿಡುತ್ತಿದ್ದರೆ ರಕ್ತ ಕೊಡಬೇಕಾಗುತ್ತದೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆ ಹತ್ತಿರವಿದ್ದರೆ ಅಲ್ಲಿ ವಿಚಾರಿಸಿ. ರಕ್ತ ಕೊಡುವ ನಾಯಿ ಸಾಮಾನ್ಯವಾಗಿ 25 ಕೆಜಿ ಮೀರಿರಬೇಕು, ಪ್ರಾಯದ್ದಿರಬೇಕು, ಲಸಿಕೆ ಆಗಿರಬೇಕು, ಹಿಂದೆ ಉಣ್ಣೆ ಜ್ವರ ಬಂದಿರಬಾರದು. ಕೊಡುವ ಮೊದಲು ಎರಡೂ ರಕ್ತ ಹೊಂದುತ್ತವೆಯೇ ಎಂದು ಕ್ರಾಸ್ ಮ್ಯಾಚ್ ಮಾಡಿಸಿ. ನಾಯಿ ಆರೋಗ್ಯವಾಗಿರುವಾಗಲೇ, ದೊಡ್ಡ ನಾಯಿ ಸಾಕಿರುವ ನಾಲ್ಕು ಮನೆಯವರ ನಂಬರ್ ಬರೆದಿಟ್ಟುಕೊಳ್ಳಿ. ರಾತ್ರಿ ಹನ್ನೊಂದಕ್ಕೆ ಹುಡುಕುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಹೆಜ್ಜೆ 6: ನಿಲ್ಲಿಸುವುದು ಯಾವಾಗ

ಬಾಲ ಅಲ್ಲಾಡಿಸಿದಾಗ ಅಲ್ಲ, ರಕ್ತಪರೀಕ್ಷೆ ಹೇಳಿದಾಗ. ಔಷಧಿ ಶುರುವಾದ ಒಂದು ವಾರಕ್ಕೆ ಸಿಬಿಸಿ, ಮುಗಿಯುವಾಗ ಒಂದು, ಮುಗಿದ ತಿಂಗಳಿಗೆ ಇನ್ನೊಂದು. ಎರಡು ವಾರವಾದರೂ ಪ್ಲೇಟ್‌ಲೆಟ್ ಏರದಿದ್ದರೆ ಎರಡನೇ ರೋಗಾಣು ಇದೆಯೇ ಎಂದು ಹುಡುಕಬೇಕು. ಗಿಬ್ಸೋನಿ ಇದ್ದರೆ ಚಿಕಿತ್ಸೆ ಮುಗಿದು 60 ದಿನಕ್ಕೆ, ಮತ್ತೆ 90 ದಿನಕ್ಕೆ ಪಿಸಿಆರ್ ಮಾಡಿಸಿ. ಎರಡೂ ನೆಗೆಟಿವ್ ಬಂದರೆ ಮಾತ್ರ ಹೋಯಿತು ಅನ್ನಬಹುದು. ಹೋದರೂ ಆ ನಾಯಿ ರಕ್ತದಾನ ಮಾಡಬಾರದು, ಮರಿ ಹಾಕಿಸಲೂಬಾರದು. ಗಿಬ್ಸೋನಿ ತಾಯಿಯಿಂದ ಮರಿಗೂ ಹೋಗುತ್ತದೆ, ನಾಯಿಗಳು ಕಚ್ಚಾಡಿದಾಗಲೂ ದಾಟುತ್ತದೆ. ಒಮ್ಮೆ ಬಂದು ಹೋಯಿತು, ಇನ್ನು ಬರಲ್ಲ ಅನ್ನುವ ಹಾಗೂ ಇಲ್ಲ. ಹೊಸ ಉಣ್ಣೆ ಕಚ್ಚಿದರೆ ಹೊಸದಾಗಿ ಬರುತ್ತದೆ.

ಹೆಜ್ಜೆ 7: ಮನೆಗೂ ಚಿಕಿತ್ಸೆ

ಹೊಟ್ಟೆ ತುಂಬಿದ ಹೆಣ್ಣು ಉಣ್ಣೆ ಉದುರಿ ಗೋಡೆಯ ಸಂದು ಹಿಡಿದು ಸಾವಿರಾರು ಮೊಟ್ಟೆ ಇಡುತ್ತದೆ. ಮರಿ ಮೂರು ಹಂತ ದಾಟಿ ದೊಡ್ಡದಾಗುವಾಗ ಪ್ರತಿ ಹಂತದಲ್ಲೂ ನಾಯಿಯ ಮೈಗೆ ಹತ್ತಿ ಇಳಿಯುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಮನೆ ಬಿಟ್ಟರೆ ಅರ್ಧ ಕೆಲಸ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಹಳೇ ಗೋಣಿಚೀಲ ಸುಡಿ, ಹಾಸಿಗೆ ಬಟ್ಟೆ ಕುದಿಯುವ ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಾಕಿ. ಕೀಟ ನಿಯಂತ್ರಣದವರಿಂದ ಸಂದುಗೊಂದಿಗೆ ಔಷಧಿ ಹೊಡೆಸಿ, ಒಣಗುವವರೆಗೆ ಮಕ್ಕಳು, ನಾಯಿ, ಬೆಕ್ಕು ಹೊರಗಿರಲಿ. ಎರಡು ಮೂರು ವಾರಕ್ಕೊಮ್ಮೆ, ಎರಡು ಮೂರು ತಿಂಗಳು ಹೀಗೆ ಮಾಡಬೇಕು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚಬೇಡಿ, ಅದರಿಂದಲೇ ನಾಯಿ ಸಾಯಬಹುದು. ಬೆಕ್ಕಿರುವ ಮನೆಯಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುವ ಉತ್ಪನ್ನ ತರಲೇಬೇಡಿ.

ನಾಯಿಗೆ ಈಗ ಒಳ್ಳೆಯ ಮಾತ್ರೆಗಳಿವೆ. ಅಫೊಕ್ಸೊಲಾನರ್ ತಿಂಗಳಿಗೊಮ್ಮೆ, ಸರೊಲಾನರ್ 35 ದಿನ, ಫ್ಲುರಲಾನರ್ ಸುಮಾರು 12 ವಾರ ಕೆಲಸ ಮಾಡುತ್ತವೆ. ಫಿಟ್ಸ್ ಬಂದಿರುವ ನಾಯಿಗಾದರೆ ಡಾಕ್ಟರ್‌ಗೆ ಮೊದಲೇ ಹೇಳಿ. ಹಚ್ಚುವ ಅಮಿಟ್ರಾಜ್ ಅಗ್ಗ, ಆದರೆ ಲೇಬಲ್ ನೋಡಿ ಸರಿಯಾಗಿ ನೀರು ಬೆರೆಸಬೇಕು. ಸಣ್ಣ ಮರಿಗೂ, ಗಾಯವಿರುವ ಚರ್ಮಕ್ಕೂ, ಡಯಾಬಿಟಿಸ್ ನಾಯಿಗೂ ಬೇಡ. ಹಚ್ಚಿದ ಮೇಲೆ ನೆಕ್ಕಲು ಬಿಡಬೇಡಿ.

ಮಲೆನಾಡಿನವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದು ಮಂಗನ ಕಾಯಿಲೆಯೇ? ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ಕಾಯಿಲೆ ಒಂದು ವೈರಸ್‌ನದು, ಅದನ್ನು ಹರಡುವುದು ಕಾಡಿನ ಉಣುಗು. ನಾಯಿಯ ಟಿಕ್ ಫೀವರ್ ಅದನ್ನು ಮುಟ್ಟುವುದರಿಂದ ನಿಮಗೆ ಬರುವುದಿಲ್ಲ. ಆದರೆ ಕಾಡಿಗೆ ಹೋಗಿ ಬಂದ ನಾಯಿ ಮೈಮೇಲೆ ಕಾಡಿನ ಉಣುಗನ್ನು ಮನೆಗೆ ತರಬಹುದು. ಹೊಸ್ತಿಲು ದಾಟುವ ಮೊದಲು ಅಂಗಳದಲ್ಲೇ ಮೈ ನೋಡಿ.

ಕೊನೆಗೆ ಬೀದಿ ನಾಯಿಗಳು. ನಿಮ್ಮ ಗೇಟಿನ ಹೊರಗೆ ಮಲಗುವ ನಾಯಿಗೆ ಉಣ್ಣೆ ಇದ್ದರೆ ನಿಮ್ಮ ಮನೆಗೂ ಬರುತ್ತದೆ. ಅವನ್ನು ಹಿಡಿದು ಔಷಧಿ ಹಚ್ಚುವುದು ಆಗದ ಮಾತು. ಹಾಗಾಗಿ 12 ವಾರದ ಮಾತ್ರೆ ಅವಕ್ಕೇ ಹೇಳಿ ಮಾಡಿಸಿದ್ದು. ನಮ್ಮ ಬೀದಿಯಲ್ಲಿ ನಾಲ್ಕು ನಾಯಿಗಳಿವೆ. ಆರು ಮನೆಯವರು ಹಣ ಹಾಕಿ, ಡಾಕ್ಟರ್ ಹೇಳಿದ ತೂಕದ ಮಾತ್ರೆ ತಂದು, ಬನ್ನಿನ ನಡುವೆ ಇಟ್ಟು ಕೊಡುತ್ತೇವೆ. ಗೌರಿಗೆ ಕೊಡುವ ದಿನವೇ ಅವಕ್ಕೂ. ಮುಂದಿನ ಸರದಿ ಯುಗಾದಿಯ ಹಿಂದಿನ ಭಾನುವಾರ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇವೆ.